ಮೋಟಾರ್ ಸೈಕಲ್ಲೂ ಮದ್ಯಸಾರ ಬೆರೆತ ಪೆಟ್ರೋಲೂ



ಈ ದಿನ ನಾನು ತಮ್ಮ ಮುಂದಿಡಲಿರುವ ವಿಷಯವು ಮೇಲುನೋಟಕ್ಕೆ ಯಂತ್ರಶಿಲ್ಪಿಗಳಿಗೆ ಮಾತ್ರವೇ ಸಂಬಂಧಪಟ್ಟುದೆಂದು ತೋರಬಹುದು. ಆದರೆ ಬೆಳಗಾದರೆ ಮೋಟಾರ್ ಸೈಕಲ್ಲನ್ನೇರಿ ಕಚೇರಿಗೋ ಗದ್ದೆಗೋ ಸಂತೆಗೋ ಹೊರಡುವ ಪ್ರತಿಯೊಬ್ಬ ಗೃಹಸ್ಥನಿಗೂ ಇದು ಸಂಬಂಧಪಟ್ಟದ್ದೇ ಆಗಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತು ಟ್ಯಾಂಕನ್ನು ತುಂಬಿಸಿಕೊಳ್ಳುವಾಗ ಅದರೊಳಕ್ಕೆ ಬೀಳುತ್ತಿರುವ ದ್ರವವು ಇಡಿಯಾಗಿ ಪೆಟ್ರೋಲಲ್ಲ. ಅದರಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಎಥನಾಲ್, ಎಂದರೆ ಮದ್ಯಸಾರ, ಸೇರಿರುತ್ತದೆ. ಈ ಮಿಶ್ರಣಕ್ಕೆ ಇ-20 ಎಂದು ಹೆಸರು. ಇದರಿಂದ ಗಾಡಿ ಕೆಡುವುದೆಂದು ಕೆಲವರ ಭಯ. ಏನೂ ಆಗುವುದಿಲ್ಲವೆಂದು ಕೆಲವರ ಭರವಸೆ. ಭಯಕ್ಕೂ ಭರವಸೆಗೂ ಎಷ್ಟೆಷ್ಟು ಆಧಾರವುಂಟೆಂಬುದನ್ನು ವಿಚಾರಮಾಡಿ ನೋಡುವುದೇ ಈ ಭಾಷಣದ ಉದ್ದೇಶ.

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ಯೋಚನೆ ನಿನ್ನೆ ಮೊನ್ನೆಯದಲ್ಲ. ಬ್ರೆಜಿಲ್ ದೇಶದವರು 1931ರಲ್ಲಿಯೇ ಹೊರಗಿನಿಂದ ತರಿಸುವ ಪೆಟ್ರೋಲಿಗೆ ಶೇಕಡ 5ರಷ್ಟು ಮದ್ಯಸಾರವನ್ನು ಸೇರಿಸಬೇಕೆಂದು ಕಟ್ಟಳೆ ಮಾಡಿದರು. 1973ರಲ್ಲಿ ಎಣ್ಣೆಯ ಬೆಲೆ ಜಗತ್ತಿನಲ್ಲೆಲ್ಲ ಏರಿಹೋದ ಮೇಲೆ, 1975ರಲ್ಲಿ ಅವರು ಕಬ್ಬಿನ ಮದ್ಯಸಾರವನ್ನೇ ರಾಷ್ಟ್ರದ ಉರುವಲನ್ನಾಗಿ ಮಾಡಿಕೊಳ್ಳುವ ದೊಡ್ಡ ಯೋಜನೆಯನ್ನು ಕೈಕೊಂಡರು. ನಮ್ಮ ದೇಶದಲ್ಲಿಯೂ 1948ರಲ್ಲಿ ಇಂಡಿಯನ್ ಪವರ್ ಆಲ್ಕೊಹಾಲ್ ಆಕ್ಟ್ ಎಂಬ ಶಾಸನವು ಬಂದಿತು; ಅದನ್ನು 2000ದಲ್ಲಿ ರದ್ದುಗೊಳಿಸಲಾಯಿತು. ಅನಂತರ 2001ರಲ್ಲಿ ಮಹಾರಾಷ್ಟ್ರದ ಮೀರಜ್ ಮತ್ತು ಮನ್ಮಾಡ್‌ಗಳಲ್ಲಿಯೂ ಉತ್ತರ ಪ್ರದೇಶದ ಬರೇಲಿಯಲ್ಲಿಯೂ ಹೊಸದಾಗಿ ಪ್ರಯೋಗಗಳು ನಡೆದುವು. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡ 5ರ ಮಿಶ್ರಣವು ಬಳಕೆಗೆ ಬಂದಿತು. 2018ರ ಜೈವಿಕ ಇಂಧನ ನೀತಿಯು 2030ನೆಯ ಇಸವಿಯ ಹೊತ್ತಿಗೆ ಶೇಕಡ 20ನ್ನು ಮುಟ್ಟಬೇಕೆಂದು ಗುರಿಯಿಟ್ಟಿತು; 2022ರಲ್ಲಿ ಆ ಗಡುವನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. ಅದೇ 2022ರ ಜೂನ್ ತಿಂಗಳಿನಲ್ಲಿ ಶೇಕಡ 10ರ ಮಟ್ಟವನ್ನು ದೇಶವು ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಇ-20ರ ಮಾರಾಟವು ಉದ್ಘಾಟನೆಗೊಂಡಿತು; 2025ರಲ್ಲಿ ಅದು ದೇಶದಲ್ಲೆಲ್ಲ ಸಾಮಾನ್ಯವಾಯಿತು. ಶೇಕಡ 5ನ್ನು ದಾಟುವುದಕ್ಕೆ ಎಷ್ಟೋ ವರ್ಷಗಳು ಹಿಡಿದುವು. 10ರಿಂದ 20ಕ್ಕೆ ಏರಲು ಮೂರು ವರ್ಷಗಳು ಸಾಕಾದುವು. ಜನರ ಮನಸ್ಸಿನಲ್ಲಿ ಸಂದೇಹಗಳು ಹುಟ್ಟಿರುವುದಕ್ಕೆ ಈ ವೇಗವೂ ಒಂದು ಕಾರಣವೆನ್ನಬಹುದು.

ಈಗ ಈ ಎಥನಾಲ್ ಎಂಬುದು ಏನೆಂದು ನೋಡೋಣ. ಕಬ್ಬಿನ ಹಾಲು, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಮೊದಲಾದುವುಗಳಲ್ಲಿರುವ ಸಕ್ಕರೆಯನ್ನೋ ಪಿಷ್ಟವನ್ನೋ ಹುದುಗೆಬ್ಬಿಸಿ, ಹುದುಗು ಬಂದ ರಸವನ್ನು ಬಟ್ಟಿಯಿಳಿಸಿದರೆ ಮದ್ಯಸಾರವು ದೊರೆಯುತ್ತದೆ. ಅದು ಸುಮಾರು 78 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಬರಿಯ ಬಟ್ಟಿಯಿಂದ ಶೇಕಡ 96ರ ತನಕ ಮಾತ್ರ ಶುದ್ಧಿಯನ್ನು ಪಡೆಯಬಹುದು. ಉಳಿದ ನೀರು ಮದ್ಯಸಾರವನ್ನು ಬಿಟ್ಟುಹೋಗಲೊಲ್ಲದು. ಪೆಟ್ರೋಲಿಗೆ ಸೇರಿಸಬೇಕಾದರೆ ಆ ನೀರನ್ನೂ ತೆಗೆಯಬೇಕು. ಇದಕ್ಕಾಗಿ ಬಹು ಸೂಕ್ಷ್ಮವಾದ ರಂಧ್ರಗಳುಳ್ಳ ಒಂದು ಬಗೆಯ ಖನಿಜದ ಗುಳಿಗೆಗಳ ಮೂಲಕ ಆವಿಯನ್ನು ಹಾಯಿಸುತ್ತಾರೆ. ನೀರಿನ ಅಣುಗಳು ಆ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ, ದೊಡ್ಡವಾದ ಮದ್ಯಸಾರದ ಅಣುಗಳು ಮುಂದಕ್ಕೆ ಸಾಗುತ್ತವೆ. ಹೀಗೆ ಶೇಕಡ 99ಕ್ಕೂ ಮೀರಿ ಶುದ್ಧವಾದ ದ್ರವವು ಸಿದ್ಧವಾಗುತ್ತದೆ. ಕಬ್ಬಿನಿಂದ ಬಂದುದಾದ್ದರಿಂದ ಇದರಲ್ಲಿ ಸಕ್ಕರೆಯಿರುತ್ತದೆ, ಅದು ಪಾಕವಾಗಿ ಯಂತ್ರದಲ್ಲಿ ಅಂಟಿಕೊಳ್ಳುತ್ತದೆ, ಟ್ಯಾಂಕಿಗೆ ಇರುವೆ ಮುತ್ತುತ್ತದೆ ಎಂದು ಕೆಲವರು ಹೇಳುವುದುಂಟು. ಇದು ನಿರಾಧಾರವಾದ ಮಾತು. ಸಕ್ಕರೆಯು ಹುದುಗಿನಲ್ಲಿಯೇ ಮಾರ್ಪಟ್ಟಿರುತ್ತದೆ. ಉಳಿದಿದ್ದರೂ ಬಟ್ಟಿಯಲ್ಲಿ ಆವಿಯೊಡನೆ ಅದು ಮೇಲಕ್ಕೆ ಬರಲಾರದು.

ಪೆಟ್ರೋಲಿಗೂ ಮದ್ಯಸಾರಕ್ಕೂ ಯಂತ್ರದ ದೃಷ್ಟಿಯಿಂದ ಮುಖ್ಯವಾದ ಮೂರು ಭೇದಗಳಿವೆ. ಮೊದಲನೆಯದು ಶಾಖದ ಪರಿಮಾಣ. ಒಂದು ಲೀಟರ್ ಪೆಟ್ರೋಲು ಉರಿದಾಗ ಎಷ್ಟು ಶಾಖವು ಹೊರಬೀಳುವುದೋ, ಒಂದು ಲೀಟರ್ ಮದ್ಯಸಾರದಿಂದ ಅದರ ಮೂರರಲ್ಲಿ ಎರಡು ಪಾಲು ಮಾತ್ರ ಹೊರಬೀಳುತ್ತದೆ. ಹಾಗಾದರೆ 5 ಲೀಟರ್ ಇ-20ರಲ್ಲಿ 4 ಲೀಟರ್ ಪೆಟ್ರೋಲಿನ ಶಾಖವೂ 1 ಲೀಟರ್ ಮದ್ಯಸಾರದ ಶಾಖವೂ ಇರುವುದಷ್ಟೆ; ಲೆಕ್ಕಹಾಕಿದರೆ ಶುದ್ಧ ಪೆಟ್ರೋಲಿಗಿಂತ ಶೇಕಡ 7ರ ಹತ್ತಿರಹತ್ತಿರ ಕಡಿಮೆಯೆಂದು ತಿಳಿದುಬರುತ್ತದೆ. ಈ ಅಂಕವನ್ನು ಯಾರ ವಾದವೂ ಹಿಗ್ಗಿಸಲಾರದು, ಕುಗ್ಗಿಸಲಾರದು. ಅದು ವಸ್ತುವಿನ ಸ್ವಭಾವ.

ಎರಡನೆಯದು ಗಾಳಿಯ ಪ್ರಮಾಣ. ಪೆಟ್ರೋಲು ಇಂಗಾಲ ಮತ್ತು ಜಲಜನಕಗಳಿಂದ ಆದದ್ದು. ಮದ್ಯಸಾರದಲ್ಲಿಯಾದರೋ ಇವೆರಡರ ಜೊತೆಗೆ ಆಮ್ಲಜನಕವೂ ಇದೆ. ತೂಕದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಾಗಿಯೇ ಇದೆ. ಉರಿಯಲು ಬೇಕಾದ ಆಮ್ಲಜನಕದ ಒಂದಂಶವನ್ನು ತಾನೇ ತಂದಿರುವುದರಿಂದ ಅದಕ್ಕೆ ಹೊರಗಿನ ಗಾಳಿಯು ಕಡಿಮೆ ಸಾಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮದ್ಯಸಾರಕ್ಕೆ 9 ಕಿಲೋಗ್ರಾಂ ಸಾಕು. ಇ-20ಕ್ಕೆ ಸುಮಾರು 13.5. ಪೆಟ್ರೋಲಿಗೆಂದು ಹದಗೊಳಿಸಿದ ಯಂತ್ರಕ್ಕೆ ಇ-20ನ್ನು ಹಾಕಿದರೆ ಅದು ಹಳೆಯ ಲೆಕ್ಕದಂತೆಯೇ ಗಾಳಿಯನ್ನು ಎಳೆದುಕೊಳ್ಳುವುದರಿಂದ, ಗಾಳಿ ಹೆಚ್ಚಾಗಿ ಉರುವಲು ಕಡಿಮೆಯಾದಂತಾಗುತ್ತದೆ. ಇದನ್ನು ತೆಳು ಮಿಶ್ರಣವೆನ್ನೋಣ. ಮಿಶ್ರಣವು ತೆಳುವಾದರೆ ಗಾಡಿಯು ಬೆಳಗಿನ ಹೊತ್ತು ತಡವರಿಸುವುದು, ಆಕ್ಸಿಲರೇಟರನ್ನು ತಿರುಗಿಸಿದೊಡನೆ ಎಳೆಯದೆ ಮುಗ್ಗರಿಸುವುದು, ಬಹಳ ಹೊತ್ತು ವೇಗವಾಗಿ ಓಡಿಸಿದರೆ ಎಂಜಿನ್ನು ಮಿತಿಮೀರಿ ಕಾಯುವುದು, ಇವೇ ಮೊದಲಾದ ತೊಂದರೆಗಳು ಕಾಣಿಸಿಕೊಳ್ಳಬಹುದು.

ಮೂರನೆಯ ಭೇದವು ಮದ್ಯಸಾರಕ್ಕೆ ಅನುಕೂಲವಾದದ್ದು. ಸಿಲಿಂಡರಿನೊಳಗೆ ಉರುವಲು ಮತ್ತು ಗಾಳಿಗಳು ಅದುಮಲ್ಪಟ್ಟಾಗ, ಕಿಡಿ ಹಾರುವುದಕ್ಕೆ ಮುಂಚೆಯೋ ಹಾರಿದ ಮೇಲೆ ಅಡ್ಡಾದಿಡ್ಡಿಯಾಗಿಯೋ ಅವು ಸ್ಫೋಟಗೊಂಡರೆ ಎಂಜಿನ್ನಿನಲ್ಲಿ ಕುಟ್ಟುವ ಸದ್ದು ಹುಟ್ಟುತ್ತದೆ. ಇಂತಹ ಕುಟ್ಟುವಿಕೆಯನ್ನು ತಡೆದುಕೊಳ್ಳುವ ಶಕ್ತಿಯನ್ನು ಆಕ್ಟೇನ್ ಅಂಕದಿಂದ ಅಳೆಯುತ್ತಾರೆ. ನಮ್ಮ ಸಾಮಾನ್ಯ ಪೆಟ್ರೋಲಿನ ಅಂಕವು 91 ಆಗಿದ್ದಿತು, ಇ-20ರದು 95, ಬರಿಯ ಮದ್ಯಸಾರದ್ದು ಸುಮಾರು 108. ಅಲ್ಲದೆ ಮದ್ಯಸಾರವು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಹೀರಿಕೊಂಡು ಒಳಗೆ ಬರುವ ಗಾಳಿಯನ್ನು ತಂಪುಮಾಡುತ್ತದೆ. ಆದುದರಿಂದ ಈ ಉರುವಲಿಗೆಂದೇ ಹೆಚ್ಚು ಅದುಮುವಂತೆ ರಚಿಸಿದ ಎಂಜಿನ್ನು ಶಾಖದ ಕೊರತೆಯಲ್ಲಿ ಒಂದಷ್ಟನ್ನು ದಕ್ಷತೆಯಿಂದ ತುಂಬಿಕೊಳ್ಳಬಲ್ಲುದು. ಆದರೆ ಹಳೆಯ ಎಂಜಿನ್ನಿಗೆ ಈ ಲಾಭವು ದಕ್ಕುವುದು ಅತ್ಯಲ್ಪ. ಗಟ್ಟಿಯಾದ ಕಾಳನ್ನು ತಂದುಕೊಟ್ಟರೂ ಬೀಸುವ ಕಲ್ಲು ಹಳೆಯದೇ ಆಗಿದ್ದರೆ ಹಿಟ್ಟು ಹಳೆಯದರಂತೆಯೇ ಬರುವುದಲ್ಲವೇ?

ಇಲ್ಲಿ ಮೋಟಾರ್ ಸೈಕಲ್ಲುಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿಕೊಳ್ಳಬೇಕು. ಕಾರ್ಬ್ಯುರೇಟರ್ ಉಳ್ಳವು ಒಂದು. ಉರುವಲನ್ನು ಚಿಮುಕಿಸುವ ಇಂಜೆಕ್ಷನ್ ಏರ್ಪಾಡುಳ್ಳವು ಇನ್ನೊಂದು. ಕಾರ್ಬ್ಯುರೇಟರಿನಲ್ಲಿ ಜೆಟ್ ಎಂಬ ಹಿತ್ತಾಳೆಯ ತುಂಡಿನ ಸಣ್ಣ ತೂತಿನ ಮೂಲಕ ಪೆಟ್ರೋಲು ಹೊರಡುತ್ತದೆ. ಆ ತೂತಿಗೆ ಯಾವ ದ್ರವ ಬಂದಿತೆಂಬ ಅರಿವಿಲ್ಲ, ಅಳತೆಯೊಂದೇ ಗೊತ್ತು. ಇಂಜೆಕ್ಷನ್ ಏರ್ಪಾಡಿನಲ್ಲಿಯಾದರೋ ಹೊಗೆಯ ಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಒಂದು ಸಾಧನವಿದ್ದು, ಮಿಶ್ರಣವು ತೆಳುವಾದೊಡನೆ ಅದು ಸೂಚನೆ ಕೊಡುತ್ತದೆ. ಉರುವಲಿನ ಪ್ರಮಾಣವು ಒಂದು ಮಿತಿಯೊಳಗೆ ತಾನಾಗಿಯೇ ಹೆಚ್ಚುತ್ತದೆ. 2020ರ ಏಪ್ರಿಲಿನಲ್ಲಿ ಬಿಎಸ್-6 ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದಂದಿನಿಂದ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಬಹುಪಾಲು ಈ ಎರಡನೆಯ ಪಂಗಡಕ್ಕೆ ಸೇರಿದುವು. ಹಾಗೂ 2023ರ ಏಪ್ರಿಲಿನಿಂದ ಈಚಿನ ಗಾಡಿಗಳನ್ನು ಇ-20ನ್ನು ತಾಳಿಕೊಳ್ಳುವ ರಬ್ಬರು, ಲೋಹಗಳಿಂದ ತಯಾರಿಸುತ್ತ ಬಂದಿದ್ದಾರೆ. ಆದುದರಿಂದ ಭಯವಿರಬೇಕಾದದ್ದು ಹೊಸ ಗಾಡಿಯವರಿಗಲ್ಲ. ಎಚ್ಚರವಿರಬೇಕಾದದ್ದು ಹಳೆಯ ಗಾಡಿಯವರಿಗೆ.

ಮೈಲೇಜು ಎಷ್ಟು ಕುಗ್ಗುತ್ತದೆಂಬುದು ಎಲ್ಲರೂ ಕೇಳುವ ಪ್ರಶ್ನೆ. 2021ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯಲ್ಲಿ, ಶುದ್ಧ ಪೆಟ್ರೋಲಿಗೆ ರಚಿತವಾಗಿ ಇ-10ಕ್ಕೆ ಹದಗೊಳಿಸಿದ ದ್ವಿಚಕ್ರ ವಾಹನಗಳಲ್ಲಿ ಇ-20ರಿಂದ ಶೇಕಡ 3ರಿಂದ 4ರಷ್ಟು ನಷ್ಟವಾಗಬಹುದೆಂದೂ, ಅದೇ ಬಗೆಯ ಕಾರುಗಳಲ್ಲಿ ಶೇಕಡ 6ರಿಂದ 7ರಷ್ಟಾಗಬಹುದೆಂದೂ ಅಂದಾಜು ಮಾಡಿದೆ. ಇದನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಒಬ್ಬ ಗುಮಾಸ್ತನು ದಿನಕ್ಕೆ 30 ಕಿಲೋಮೀಟರ್ ಓಡಾಡುತ್ತಾನೆ. ಅವನ ಗಾಡಿ ಲೀಟರಿಗೆ 50 ಕಿಲೋಮೀಟರ್ ಕೊಡುತ್ತಿತ್ತು. ಈಗ 48 ಕೊಡುತ್ತದೆ ಎಂದು ಭಾವಿಸೋಣ. ತಿಂಗಳಿಗೆ 900 ಕಿಲೋಮೀಟರಿಗೆ ಮೊದಲು 18 ಲೀಟರ್ ಸಾಕಾಗುತ್ತಿತ್ತು. ಈಗ ಹದಿನೆಂಟೂಮುಕ್ಕಾಲು ಲೀಟರ್ ಬೇಕು. ವರ್ಷಕ್ಕೆ 9 ಲೀಟರ್ ಹೆಚ್ಚು. ಇದು ಮನೆ ಮುಳುಗುವಂಥ ನಷ್ಟವಲ್ಲ. ಆದರೆ ಲೆಕ್ಕಕ್ಕೆ ಬಾರದ ನಷ್ಟವೂ ಅಲ್ಲ. ಗಾಡಿಯ ಮೈಲೇಜು ಇದ್ದಕ್ಕಿದ್ದಂತೆ ಕಾಲು ಪಾಲು, ಅರ್ಧ ಪಾಲು ಇಳಿದುಹೋಯಿತೆಂದು ಯಾರಾದರೂ ಹೇಳಿದರೆ, ದೋಷವು ಮದ್ಯಸಾರದ್ದಲ್ಲ. ಟೈರಿನ ಗಾಳಿ, ಚೈನು, ಬ್ರೇಕು, ಏರ್ ಫಿಲ್ಟರುಗಳನ್ನು ಮೊದಲು ಪರೀಕ್ಷಿಸಬೇಕು.

ಇನ್ನು ನೀರಿನ ವಿಷಯ. ನನ್ನ ಅಭಿಪ್ರಾಯದಲ್ಲಿ ಮೋಟಾರ್ ಸೈಕಲ್ಲಿನವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಇದೇ. ಪೆಟ್ರೋಲಿಗೂ ನೀರಿಗೂ ಹೊಂದಿಕೆಯಿಲ್ಲ. ಟ್ಯಾಂಕಿನಲ್ಲಿ ನೀರು ಬಿದ್ದರೆ ಅದು ಬೇರೆಯಾಗಿಯೇ ತಳದಲ್ಲಿ ನಿಲ್ಲುತ್ತದೆ. ಮದ್ಯಸಾರವಾದರೋ ಇಬ್ಬರಿಗೂ ಬೇಕಾದ ನೆಂಟನಂತೆ ಪೆಟ್ರೋಲಿನೊಡನೆಯೂ ಸೇರುತ್ತದೆ, ನೀರಿನೊಡನೆಯೂ ಸೇರುತ್ತದೆ. ಆದರೆ ಅದಕ್ಕೆ ನೀರಿನ ಮೇಲೆಯೇ ಪಕ್ಷಪಾತ ಹೆಚ್ಚು. ನೀರು ಅತ್ಯಲ್ಪವಾಗಿದ್ದರೆ ಮೂರೂ ಕೂಡಿಕೊಂಡು ಒಂದೇ ದ್ರವವಾಗಿರುತ್ತವೆ. ಆಗ ಯಾವ ಬಾಧಕವೂ ಇಲ್ಲ. ನೀರಿನ ಪ್ರಮಾಣವು ಒಂದು ಮಿತಿಯನ್ನು ಮೀರಿದೊಡನೆ ಮದ್ಯಸಾರವು ಪೆಟ್ರೋಲನ್ನು ತೊರೆದು, ನೀರಿನ ಕೈಹಿಡಿದುಕೊಂಡು ತಳಕ್ಕೆ ಇಳಿದುಬಿಡುತ್ತದೆ. ಶೇಕಡ 10ರ ಮಿಶ್ರಣದಲ್ಲಿ ಈ ಮಿತಿಯು 15 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಶೇಕಡ ಅರ್ಧ. ಎಂದರೆ 12 ಲೀಟರಿನ ಟ್ಯಾಂಕಿಗೆ ಸುಮಾರು 60 ಮಿಲಿಲೀಟರ್ ನೀರು. ಇ-20ರಲ್ಲಿ ಮಿತಿಯು ಇನ್ನೂ ಸ್ವಲ್ಪ ಹೆಚ್ಚು. ಉಷ್ಣತೆ ಇಳಿದಷ್ಟೂ ಮಿತಿಯೂ ಇಳಿಯುವುದರಿಂದ, ಹಗಲಿನಲ್ಲಿ ಒಂದಾಗಿದ್ದ ದ್ರವವು ಚಳಿಯ ರಾತ್ರಿಯಲ್ಲಿ ಬೇರ್ಪಡುವ ಸಂಭವವುಂಟು.

ಹೀಗೆ ಬೇರ್ಪಟ್ಟರೆ ಎರಡು ವಿಧವಾದ ಕೆಡುಕುಗಳು. ಮೇಲಿರುವ ಪೆಟ್ರೋಲು ಮದ್ಯಸಾರವನ್ನು ಕಳೆದುಕೊಂಡು ಆಕ್ಟೇನ್ ಅಂಕದಲ್ಲಿ ಇಳಿದಿರುತ್ತದೆ. ತಳದಲ್ಲಿರುವ ನೀರು ಬೆರೆತ ಮದ್ಯಸಾರವು ಟ್ಯಾಂಕಿನ ತಗಡಿಗೆ ತುಕ್ಕುಹಿಡಿಸುತ್ತದೆ. ಉರುವಲನ್ನು ಎಳೆಯುವ ಬಾಯಿಯು ತಳದಲ್ಲಿಯೇ ಇರುವುದರಿಂದ ಎಂಜಿನ್ನಿಗೆ ಮೊದಲು ಹೋಗುವುದು ಈ ಕೆಟ್ಟ ದ್ರವವೇ. ಗಾಡಿ ಸ್ಟಾರ್ಟಾಗುವುದಿಲ್ಲ, ಆದರೂ ಕೆಮ್ಮುತ್ತ ಕೆಮ್ಮುತ್ತ ನಿಂತುಹೋಗುತ್ತದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಒಂದೆರಡು ದಿನಗಳಲ್ಲಿಯೇ ಪೆಟ್ರೋಲು ನೀರಾಗುತ್ತದೆಂಬ ಭಯಕ್ಕೆ ಕಾರಣವಿಲ್ಲ; ಮುಚ್ಚಿದ ಟ್ಯಾಂಕಿನಲ್ಲಿ ಆ ಕ್ರಿಯೆ ಬಹು ಮೆಲ್ಲಗೆ ನಡೆಯುವಂಥದು. ನೀರು ಸಾಮಾನ್ಯವಾಗಿ ಬರುವುದು ಮಳೆಯಲ್ಲಿ ನಿಲ್ಲಿಸಿದ ಗಾಡಿಯ ಸವೆದ ಮುಚ್ಚಳದ ಮೂಲಕ, ಗಾಡಿ ತೊಳೆಯುವಾಗ ಬಿಟ್ಟ ಜೋರಿನ ನೀರಿನಿಂದ, ಇಲ್ಲವೆ ಬಂಕಿನ ನೆಲದೊಳಗಣ ತೊಟ್ಟಿಗೆ ಸೇರಿದ ನೀರಿನಿಂದ. ಹಿಂದೆ ಬಂಕಿನ ತೊಟ್ಟಿಯಲ್ಲಿ ಒಂದಿಷ್ಟು ನೀರಿದ್ದರೆ ಅದು ತಳದಲ್ಲಿಯೇ ಉಳಿದು ಗಿರಾಕಿಗೆ ತಲಪುತ್ತಿರಲಿಲ್ಲ. ಈಗ ಅದು ಮದ್ಯಸಾರದೊಡನೆ ಕೂಡಿಕೊಂಡು ಬರಬಲ್ಲುದು. ಆದುದರಿಂದ ಬಂಕಿನವರ ಜವಾಬ್ದಾರಿಯೂ ಮೊದಲಿಗಿಂತ ಹೆಚ್ಚಾಗಿದೆ.

ನಮ್ಮ ಮೈಸೂರಿನವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಚಾರವುಂಟು. 1961ರಿಂದ ಮೈಸೂರಿನಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾಗುತ್ತಿದ್ದುವು. ಮುಂದೆ ಅವೇ ಯೆಜ್ಡಿ ಎಂಬ ಹೆಸರಿನಿಂದ ಪ್ರಸಿದ್ಧವಾದುವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತಾದರೂ ಅಲ್ಲಿ ಹುಟ್ಟಿದ ಗಾಡಿಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಟಪಟಪನೆ ಓಡಾಡುತ್ತಿವೆ. ಅವು ಎರಡು ಸ್ಟ್ರೋಕಿನ ಎಂಜಿನ್ನುಗಳು. ಅವುಗಳಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಸಿ ಕೊಡಬೇಕು. ಮಿಶ್ರಣವು ಕೂಡಿರುವ ತನಕ ಇ-20ರಲ್ಲಿಯೂ ಎಣ್ಣೆ ಕರಗಿಯೇ ಇರುತ್ತದೆ. ಆದರೆ ನೀರಿನಿಂದ ಬೇರ್ಪಾಡಾದರೆ ಎಣ್ಣೆಯು ಮೇಲಣ ಪೆಟ್ರೋಲಿನೊಡನೆ ಉಳಿಯುತ್ತದೆ. ತಳದ ದ್ರವದಲ್ಲಿ ಎಣ್ಣೆಯ ಅಂಶವಿಲ್ಲ. ಎಂಜಿನ್ನು ಆ ದ್ರವವನ್ನು ಕುಡಿದು ಸ್ವಲ್ಪ ದೂರ ಓಡಿದರೂ ಪಿಸ್ಟನ್ನು ಒಣಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ ಅಪಾಯವಿದೆ. ಸಾಲದುದಕ್ಕೆ ಮಿಶ್ರಣವು ತೆಳುವಾಗಿ ಕಾವೂ ಹೆಚ್ಚಾಗಿರುತ್ತದೆ. ಆದುದರಿಂದ ತಂದೆಯ ಕಾಲದ ಜಾವಾವನ್ನೋ ಯೆಜ್ಡಿಯನ್ನೋ ಉಳಿಸಿಕೊಂಡು ಬಂದಿರುವವರು ಬಲ್ಲ ಮೆಕ್ಯಾನಿಕನಿಂದ ಕಾರ್ಬ್ಯುರೇಟರಿನ ಜೆಟ್ಟನ್ನು ಒಂದು ಮೆಟ್ಟಿಲು ದೊಡ್ಡದಾಗಿ ಹಾಕಿಸಿ, ಪ್ಲಗ್ಗಿನ ಬಣ್ಣವನ್ನು ಆಗಾಗ್ಗೆ ನೋಡುತ್ತಿರಬೇಕು. ಪ್ಲಗ್ಗಿನ ತುದಿಯು ಕಾಫಿಯ ಬಣ್ಣಕ್ಕಿದ್ದರೆ ಹದ ಸರಿಯಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಮಿಶ್ರಣ ತೆಳುವಾಗಿದೆಯೆಂದು ತಿಳಿಯಬೇಕು. ಹಾಗೆಯೇ ಎಣ್ಣೆಯ ಅಳತೆಯನ್ನು ಜಿಪುಣತನದಿಂದ ಕಡಿಮೆ ಮಾಡಬಾರದು.

ಮದ್ಯಸಾರವು ಕೆಲವು ಪದಾರ್ಥಗಳಿಗೆ ಹಗೆ. ಹಳೆಯ ಗಾಡಿಗಳ ಸಹಜ ರಬ್ಬರಿನ ಕೊಳವೆಗಳೂ ವಾಷರುಗಳೂ ಅದರಿಂದ ಉಬ್ಬುತ್ತವೆ, ಮೆತ್ತಗಾಗುತ್ತವೆ, ಒಣಗಿದಾಗ ಬಿರುಕುಬಿಡುತ್ತವೆ. ಹಳೆಯ ಪೆಟ್ರೋಲ್ ಟ್ಯಾಪುಗಳಲ್ಲಿರುವ ಕಾರ್ಕಿನ ಬಿರಡೆಗಳೂ ಕೆಡುತ್ತವೆ. ಟ್ಯಾಂಕಿನ ಒಳಗೆ ತುಕ್ಕು ತಡೆಯಲೆಂದು ಬಳಿದ ಕೆಲವು ಬಗೆಯ ಲೇಪಗಳು ಕರಗಿ ಹೊಪ್ಪಳೆಯೆದ್ದು ಬರುತ್ತವೆ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಟ್ಯಾಂಕುಗಳಿಗಂತೂ ಇದು ಬಹಳ ಕೆಟ್ಟದ್ದು. ನೀರು ಸೇರಿದ ಮದ್ಯಸಾರವು ಸತು, ಸೀಸ, ಅಲ್ಯೂಮಿನಿಯಂಗಳನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಬೆಳ್ಳನೆಯ ಪುಡಿ ಕಂಡುಬಂದರೆ ಅದರ ಗುರುತೆಂದು ತಿಳಿಯಬಹುದು. ಇವುಗಳಲ್ಲಿ ಅತ್ಯಂತ ಅಪಾಯಕರವಾದದ್ದು ಕೊಳವೆಯ ಬಿರುಕು. ಬಿಸಿಯಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಗಾಡಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆಯಾಗುತ್ತದೆ. ಒಂದು ಗೇಣು ಕೊಳವೆಗೆ ಬೀಳುವ ಖರ್ಚು ಬಹಳ ಸ್ವಲ್ಪ. ಮದ್ಯಸಾರವನ್ನು ತಾಳುವ ಕೊಳವೆಯನ್ನೇ ಕೇಳಿ ಹಾಕಿಸಿಕೊಳ್ಳುವುದರಲ್ಲಿ ಹಿಂಜರಿಯಬಾರದು.

ಇನ್ನೊಂದು ಸ್ವಭಾವವೆಂದರೆ ಮದ್ಯಸಾರವು ಒಳ್ಳೆಯ ಚೊಕ್ಕಟಗಾರ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಜಿಡ್ಡನ್ನೂ ಕೊಳೆಯನ್ನೂ ಅದು ಬಿಡಿಸಿ ಹೊರಡಿಸುತ್ತದೆ. ಆ ಕಸವೆಲ್ಲ ಫಿಲ್ಟರಿನಲ್ಲಿಯೋ ಜೆಟ್ಟಿನ ತೂತಿನಲ್ಲಿಯೋ ಸಿಕ್ಕಿಕೊಂಡು ಗಾಡಿ ನಿಲ್ಲುತ್ತದೆ. ಜನರು ಆಗ ಹೊಸ ಉರುವಲನ್ನು ಬಯ್ಯುತ್ತಾರೆ. ನಿಜವಾಗಿ ಅದು ಹಳೆಯ ಕೊಳೆಯನ್ನು ಬೆಳಕಿಗೆ ತಂದಿರುತ್ತದೆ. ಹಳೆಯ ಗಾಡಿಗೆ ಇ-20 ಬೀಳಲು ಮೊದಲಾದ ಮೇಲೆ ಕೆಲವು ಸಲ ಫಿಲ್ಟರನ್ನು ಬದಲಾಯಿಸಿದರೆ ಈ ತೊಂದರೆ ತಾನಾಗಿ ತೀರುತ್ತದೆ.

ಬಂಕಿನಿಂದ ತಂದ ಪೆಟ್ರೋಲಿನಲ್ಲಿ ಮದ್ಯಸಾರವಿದೆಯೇ ಎಂದು ನೋಡಬೇಕೆನ್ನುವವರಿಗೆ ಒಂದು ಸುಲಭವಾದ ಪರೀಕ್ಷೆಯುಂಟು. ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರನ್ನು ಹಾಕಿ, ಅದರ ಮೇಲೆ 90 ಮಿಲಿಲೀಟರ್ ಪೆಟ್ರೋಲನ್ನು ಹಾಕಿ, ಬಾಯಿ ಮುಚ್ಚಿ ಕುಲುಕಿ, ಸ್ವಲ್ಪ ಹೊತ್ತು ನಿಲ್ಲಿಸಬೇಕು. ಪೆಟ್ರೋಲು ಶುದ್ಧವಾಗಿದ್ದರೆ ತಳದ ಪದರವು 10ರ ಗೆರೆಯಲ್ಲಿಯೇ ನಿಲ್ಲುತ್ತದೆ. ಮದ್ಯಸಾರವಿದ್ದರೆ ಅದು ನೀರಿನೊಡನೆ ಕೆಳಗಿಳಿದು ತಳದ ಪದರವು ಮೇಲೇರುತ್ತದೆ; ಇ-20 ಆಗಿದ್ದರೆ ಸುಮಾರು 28ರ ಸಮೀಪಕ್ಕೆ ಬರಬೇಕು. ಇದು ಸ್ಥೂಲವಾದ ಅಳತೆ. ಪ್ರಯೋಗಶಾಲೆಯ ಸೂಕ್ಷ್ಮತೆಯನ್ನು ಇದರಿಂದ ನಿರೀಕ್ಷಿಸಬಾರದು. ಒಲೆ, ದೀಪ, ಬೀಡಿ ಸಿಗರೇಟುಗಳಿಲ್ಲದ ಬಯಲಿನಲ್ಲಿ ಮಾತ್ರ, ಮಕ್ಕಳನ್ನು ದೂರವಿರಿಸಿ, ಇದನ್ನು ಮಾಡಬೇಕೆಂಬುದನ್ನು ಮರೆಯಕೂಡದು.

ದಿನಬಳಕೆಯಲ್ಲಿ ಪಾಲಿಸಬೇಕಾದ ನಿಯಮಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ದಿನವೂ ಓಡಿಸುವ ಗಾಡಿಗೆ ಹೆಚ್ಚಿನ ಉಪಚಾರವೇನೂ ಬೇಕಿಲ್ಲ. ಉರುವಲು ಹಳೆಯದಾಗುವುದಕ್ಕೆ ಮುಂಚೆಯೇ ತೀರಿರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಬೇಕಾದ ಗಾಡಿಯ ಟ್ಯಾಂಕನ್ನು ಅರೆಬರೆಯಾಗಿ ಬಿಡಬಾರದು. ಒಂದೋ ಪೂರ್ತಿಯಾಗಿ ತುಂಬಿ ಒಳಗೆ ಗಾಳಿಗೆ ಎಡೆಯಿಲ್ಲದಂತೆ ಮಾಡಬೇಕು, ಇಲ್ಲವೇ ಪೂರ್ತಿಯಾಗಿ ಬರಿದುಮಾಡಿ ಒಣಗಿಸಬೇಕು. ಕಾರ್ಬ್ಯುರೇಟರ್ ಉಳ್ಳ ಗಾಡಿಯಾದರೆ ಬಟ್ಟಲಿನ ತಿರುಪನ್ನು ಸಡಿಲಿಸಿ ಅದರೊಳಗಿನ ಪೆಟ್ರೋಲನ್ನು ಹರಿಯಬಿಡಬೇಕು. ಮಳೆಗಾಲಕ್ಕೆ ಮುಂಚೆ ಟ್ಯಾಂಕಿನ ಮುಚ್ಚಳದ ರಬ್ಬರನ್ನು ನೋಡಿ, ಸವೆದಿದ್ದರೆ ಬದಲಾಯಿಸಬೇಕು. ಗಾಡಿಯ ಕೈಪಿಡಿಯಲ್ಲಿ ಯಾವ ಮಿಶ್ರಣದ ತನಕ ಒಪ್ಪಿಗೆಯಿದೆಯೆಂದು ಬರೆದಿರುತ್ತದೆ. ಅದನ್ನು ಓದಿಕೊಂಡಿರುವುದು ಒಳ್ಳೆಯದು. ನೀರು ಸೇರಿತೆಂಬ ಸಂದೇಹ ಬಂದೊಡನೆ ಮತ್ತೆಮತ್ತೆ ಕಿಕ್ ಹೊಡೆಯುತ್ತ ಕುಳಿತುಕೊಳ್ಳದೆ, ತಳದ ದ್ರವವನ್ನು ಒಂದು ಸೀಸೆಗೆ ಇಳಿಸಿ ನೋಡಬೇಕು. ಎರಡು ಪದರಗಳು ಕಂಡರೆ ಹೊಸ ಪೆಟ್ರೋಲನ್ನು ಮೇಲೆ ಸುರಿದು ಸರಿಮಾಡುವ ಯೋಚನೆಯನ್ನು ಬಿಟ್ಟು, ಟ್ಯಾಂಕನ್ನು ಬರಿದುಮಾಡಿಸುವುದೇ ಕ್ಷೇಮ.

ಎಂಜಿನ್ನನ್ನು ಈ ಉರುವಲಿಗೆಂದೇ ರಚಿಸಿದರೆ ಇನ್ನೂ ಹೆಚ್ಚಿನ ಮದ್ಯಸಾರದಿಂದಲೂ ಮೋಟಾರ್ ಸೈಕಲ್ಲು ಸುಖವಾಗಿ ಓಡಬಲ್ಲುದೆಂಬುದಕ್ಕೆ ಸಾಕ್ಷ್ಯವಿದೆ. 2009ರಲ್ಲಿ ಬ್ರೆಜಿಲಿನಲ್ಲಿ ಹೋಂಡಾ ಸಿಜಿ 150 ಟೈಟನ್ ಮಿಕ್ಸ್ ಎಂಬ ಗಾಡಿಯು ಹೊರಬಂದಿತು. ಪೆಟ್ರೋಲು, ಮದ್ಯಸಾರ, ಇವೆರಡರ ಯಾವ ಪ್ರಮಾಣದ ಮಿಶ್ರಣವಾದರೂ ಅದಕ್ಕೆ ಸಮ್ಮತವೇ. ಚಳಿಯ ದಿನಗಳಲ್ಲಿ ಮಾತ್ರ ಟ್ಯಾಂಕಿನಲ್ಲಿ ಸ್ವಲ್ಪ ಭಾಗ ಪೆಟ್ರೋಲು ಇರಬೇಕು, ಏಕೆಂದರೆ ಬರಿಯ ಮದ್ಯಸಾರವು ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲ. ನಮ್ಮ ದೇಶದಲ್ಲಿಯೂ 2019ರಲ್ಲಿ ಟಿವಿಎಸ್ ಅಪಾಚೆಯ ಒಂದು ಮಾದರಿಯನ್ನು ಪೂರ್ಣ ಎಥನಾಲಿನಿಂದ ಓಡುವಂತೆ ರಚಿಸಿ ಹೊರತಂದರು. ಬ್ರೆಜಿಲಿನ ಸಾಮಾನ್ಯ ಪೆಟ್ರೋಲಿನಲ್ಲಿ 2025ರ ಆಗಸ್ಟಿನಿಂದ ಶೇಕಡ 30ರಷ್ಟು ಮದ್ಯಸಾರವಿದೆ. ಆದರೆ ಅಲ್ಲಿಯ ಗಾಡಿಗಳನ್ನು ಎಷ್ಟೋ ಕಾಲದಿಂದ ಆ ಉರುವಲಿಗೆ ತಕ್ಕಂತೆಯೇ ತಯಾರಿಸುತ್ತ ಬಂದಿದ್ದಾರೆಂಬುದನ್ನು ಮರೆಯಬಾರದು. ಉರುವಲು ಮೊದಲು, ಗಾಡಿ ಆಮೇಲೆ ಎಂಬ ಕ್ರಮವು ನಮ್ಮದಾದುದರಿಂದಲೇ ಇಷ್ಟು ಚರ್ಚೆ.

ಇನ್ನು ದೇಶದ ಹಿತದ ಮಾತು. ನಾವು ಬಳಸುವ ಕಚ್ಚಾ ಎಣ್ಣೆಯ ಬಹುಭಾಗವು ಹೊರದೇಶಗಳಿಂದ ಬರತಕ್ಕದ್ದು. ಅದರ ಒಂದಂಶಕ್ಕೆ ಬದಲಾಗಿ ನಮ್ಮ ರೈತನ ಬೆಳೆಯಿಂದ ಉರುವಲಾದರೆ ಹಣವು ಹಳ್ಳಿಯಲ್ಲಿಯೇ ಉಳಿಯುತ್ತದೆ. ಕಬ್ಬಿನ ಬಾಕಿಗಾಗಿ ಕಾರ್ಖಾನೆಯ ಬಾಗಿಲು ಕಾಯುವ ರೈತನಿಗೆ ದುಡ್ಡು ಬೇಗ ಕೈಸೇರುವ ಸಂಭವವಿದೆ. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷದ ಅನಿಲವು ಕಡಿಮೆಯಾಗುತ್ತದೆ. ಆದರೆ ಅಸಿಟಾಲ್ಡಿಹೈಡ್ ಎಂಬ ಇನ್ನೊಂದು ಕೆಟ್ಟ ಅನಿಲವು ಸ್ವಲ್ಪ ಹೆಚ್ಚುತ್ತದೆಂಬುದನ್ನೂ ಹೇಳಬೇಕು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿಯ ಕಾಲದಿಂದಲೂ ಕಾವೇರಿಯ ನಾಲೆ, ಕಬ್ಬು, ಕಾಕಂಬಿಗಳ ಸಂಬಂಧವನ್ನು ಕಂಡಿರುವ ನಾಡು ನಮ್ಮದು. ಒಂದು ಟನ್ ಕಾಕಂಬಿಯಿಂದ ಸುಮಾರು 225 ಲೀಟರ್ ಮದ್ಯಸಾರ ಬರುತ್ತದೆ. ಸಕ್ಕರೆಯನ್ನು ತೆಗೆದ ಮೇಲೆ ಉಳಿದದ್ದರಿಂದ ಇಷ್ಟು ಬರುವುದು ಲಾಭವೇ ಸರಿ. ಸಕ್ಕರೆಯನ್ನೇ ಮಾಡದೆ ಕಬ್ಬಿನ ಹಾಲನ್ನು ನೇರವಾಗಿ ಬಟ್ಟಿಗೆ ಕಳುಹಿಸಿದರೆ ಟನ್ನು ಕಬ್ಬಿಗೆ ಸುಮಾರು 70 ಲೀಟರ್.

ಆದರೆ ನೀರಿನ ಲೆಕ್ಕವನ್ನು ಕೇಳಿದರೆ ನಾವು ನಿಂತು ಯೋಚಿಸಬೇಕಾಗುತ್ತದೆ. ನಾನು ಹಿಂದೆ ಹೇಳಿದ 2021ರ ವರದಿಯೇ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2860 ಲೀಟರ್ ನೀರು ಬೇಕೆಂದು ತಿಳಿಸಿದೆ. ಇ-20ರ ಒಂದು ಲೀಟರಿನಲ್ಲಿ ಎಥನಾಲು ಐದನೆಯ ಒಂದು ಪಾಲಷ್ಟೆ. ಹಾಗಿದ್ದರೂ ಟ್ಯಾಂಕಿಗೆ ಬೀಳುವ ಪ್ರತಿ ಲೀಟರಿನ ಹಿಂದೆ ಕಬ್ಬಿನ ಗದ್ದೆಯ ಐದುನೂರು ಲೀಟರಿಗೂ ಮೀರಿದ ನೀರು ನಿಂತಿರಬಹುದು. ಮಳೆ ಕೈಕೊಟ್ಟ ವರ್ಷ ಕಾವೇರಿಯ ಜಲಾಶಯದ ಕಡೆ ಮುಖಮಾಡಿ ಕುಳಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದ್ದಿಲ್ಲ. 2023ರಲ್ಲಿ ಮಳೆ ಕಡಿಮೆಯಾಗಿ ಸಕ್ಕರೆಗೆ ಕೊರತೆಯಾಗುವ ಭಯ ಹುಟ್ಟಿದಾಗ, ಆ ವರ್ಷದ ಡಿಸೆಂಬರಿನಲ್ಲಿ ಕಬ್ಬಿನ ಹಾಲನ್ನು ಎಥನಾಲಿಗೆ ಬಳಸುವುದಕ್ಕೆ ಕೇಂದ್ರ ಸರ್ಕಾರವೇ ತಡೆಯೊಡ್ಡಬೇಕಾಯಿತು. ಆಮೇಲೆ ಮುಸುಕಿನ ಜೋಳಕ್ಕೆ ಹೆಚ್ಚು ಪ್ರಾಶಸ್ತ್ಯ ಬಂದಿತು. ಜೋಳದ ಬೆಲೆಯೇರಿದರೆ ಬೆಳೆದವನಿಗೆ ಸಂತೋಷ. ಕೋಳಿ ಸಾಕುವವನಿಗೆ ಸಂಕಟ. ಒಂದು ಕಡೆ ಎತ್ತಿಟ್ಟ ಭಾರವು ಇನ್ನೊಂದು ಕಡೆ ಯಾರ ಹೆಗಲಿಗೋ ಬೀಳುವುದು ಲೋಕದ ರೀತಿ.

ಕೊನೆಯದಾಗಿ ನ್ಯಾಯದ ಪ್ರಶ್ನೆ. ಮೈಲೇಜಿನ ನಷ್ಟಕ್ಕೆ ಪರಿಹಾರವಾಗಿ ಮಿಶ್ರಿತ ಪೆಟ್ರೋಲಿಗೆ ತೆರಿಗೆಯ ರಿಯಾಯಿತಿಯನ್ನು ಕೊಡಬಹುದೆಂಬ ಸಲಹೆ 2021ರ ವರದಿಯಲ್ಲಿಯೇ ಇದ್ದಿತು. 2025ರಲ್ಲಿ ಈ ವಿಷಯವು ಚರ್ಚೆಗೆ ಬಂದಾಗ, ಎಥನಾಲನ್ನು ಕೊಳ್ಳುವ ಬೆಲೆಯು ಪೆಟ್ರೋಲಿಗಿಂತಲೂ ಹೆಚ್ಚಾಗಿರುವುದರಿಂದ ಅಗ್ಗವಾಗಿ ಮಾರುವುದು ಸಾಧ್ಯವಿಲ್ಲವೆಂದು ಸರ್ಕಾರವು ವಿವರಣೆ ಕೊಟ್ಟಿತು. ಎಥನಾಲಿಲ್ಲದ ಪೆಟ್ರೋಲನ್ನೂ ಆರಿಸಿಕೊಳ್ಳಲು ಅವಕಾಶವಿರಬೇಕೆಂದು ಸಲ್ಲಿಸಿದ ಅರ್ಜಿಯನ್ನು ಅದೇ ವರ್ಷದ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ವಜಾಮಾಡಿತು. ದೇಶಕ್ಕೆ ಹಿತವೆಂದು ತೋರಿದ ಕಾರ್ಯದಲ್ಲಿ ಜನರು ಸ್ವಲ್ಪ ನಷ್ಟವನ್ನು ಸಹಿಸಿಕೊಳ್ಳುವುದು ಹೊಸದೇನೂ ಅಲ್ಲ. ಆದರೆ ಹಳೆಯ ಗಾಡಿಯೊಂದನ್ನೇ ನಂಬಿ ಹಾಲು ಹಾಕುವವನು, ಸೊಪ್ಪು ಮಾರುವವನು, ಮನೆಮನೆಗೆ ಸಾಮಾನು ತಲಪಿಸುವ ಹುಡುಗನು, ಇವರಿಗೆ ಯಾವ ನಷ್ಟ, ಎಷ್ಟು ನಷ್ಟ, ಅದನ್ನು ತಪ್ಪಿಸಿಕೊಳ್ಳಲು ಏನು ಮಾಡಬೇಕೆಂಬುದನ್ನು ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳುವುದು ಧರ್ಮ. ತ್ಯಾಗವನ್ನು ಕೇಳುವವರು ಲೆಕ್ಕವನ್ನು ಮುಚ್ಚಿಡಬಾರದು.

ಹಾಗಾದರೆ ನಾನು ತಮ್ಮಲ್ಲಿ ಮಾಡುವ ಬಿನ್ನಹವಿಷ್ಟೆ. ಹೊಸ ಗಾಡಿಯುಳ್ಳವರು ನಿಶ್ಚಿಂತೆಯಿಂದಿರಬಹುದು. ಹಳೆಯ ಗಾಡಿಯುಳ್ಳವರು ಕೊಳವೆ, ಬಿರಡೆ, ಫಿಲ್ಟರು, ಜೆಟ್ಟು, ಮುಚ್ಚಳ ಈ ಐದನ್ನು ಒಮ್ಮೆ ಪರೀಕ್ಷೆಮಾಡಿಸಿಕೊಂಡು, ನೀರನ್ನು ದೂರವಿಟ್ಟರೆ ಇನ್ನೂ ಬಹುಕಾಲ ಅದನ್ನು ಓಡಿಸಬಹುದು. ಈ ರಾತ್ರಿ ಮಲಗುವ ಮುನ್ನ ಒಂದು ಸಲ ಗಾಡಿಯ ಬಳಿಗೆ ಹೋಗಿ, ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಇಳಿಯುವ ಆ ಕೊಳವೆಯನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ ನಾಳೆ ಬೆಳಗ್ಗೆ ಅದನ್ನು ಬದಲಾಯಿಸಿದ ಹೊರತು ಗಾಡಿಯನ್ನು ಹೊರಗೆ ತೆಗೆಯಬೇಡಿ. ಈ ಮಾತೊಂದು ನೆನಪಿನಲ್ಲಿ ಉಳಿದರೆ ನನ್ನ ಭಾಷಣವು ಸಾರ್ಥಕವಾಯಿತೆಂದು ಭಾವಿಸುತ್ತೇನೆ.